ಸೋತವರಿಗೆ ಸಕಾಲಕ್ಕೆ ಉತ್ತರ ಬೇಕು

ಮೊದಲ ಎಣಿಕೆಯಲ್ಲಿ ಅಂತರ 261 ಮತ. ಎರಡನೇ ಎಣಿಕೆಯಲ್ಲಿ 42. ಮೂರನೇ ಎಣಿಕೆ ಮುಗಿದಾಗ ಗೆದ್ದವರೇ ಬದಲಾಗಿದ್ದರು. ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ 2004ರ ನವೆಂಬರ್ 2ರಂದು ನಡೆದ ಗವರ್ನರ್ ಚುನಾವಣೆಯ ಕತೆ ಇದು. ಸುಮಾರು 28 ಲಕ್ಷ ಜನ ಮತ ಹಾಕಿದ್ದರು. ರಿಪಬ್ಲಿಕನ್ ಪಕ್ಷದ ಡಿನೊ ರೊಸ್ಸಿ ಎರಡು ಸಲ ಗೆದ್ದರು. ಡೆಮಾಕ್ರಟಿಕ್ ಪಕ್ಷದ ಕ್ರಿಸ್ಟೀನ್ ಗ್ರೆಗೊಯರ್ ಗೆದ್ದದ್ದು ಒಂದೇ ಸಲ, ಅದೂ 129 ಮತಗಳಿಂದ. ಆದರೆ ಅದು ಕೊನೆಯ ಎಣಿಕೆ. ಅಧಿಕಾರ ಅವರಿಗೇ ಸಿಕ್ಕಿತು.

ಸಿಯಾಟಲ್, ಬೆಲ್‌ವ್ಯೂ, ರೆಡ್‌ಮಂಡ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಪರಿಚಿತ ರಾಜ್ಯ. ಮೈಕ್ರೊಸಾಫ್ಟ್ ಕಚೇರಿ ಇರುವ ಕಿಂಗ್ ಕೌಂಟಿಯೇ ಈ ವಿವಾದದ ಕೇಂದ್ರವೂ ಆಗಿತ್ತು. ಅಲ್ಲಿನ ಗವರ್ನರ್ ಅಂದರೆ ನಮ್ಮ ರಾಜಭವನದ ರಾಜ್ಯಪಾಲರಂತಲ್ಲ. ರಾಜ್ಯದ ಆಡಳಿತವನ್ನೇ ನಡೆಸುವವರು, ನಮ್ಮ ಮುಖ್ಯಮಂತ್ರಿಯ ಹಾಗೆ. ವ್ಯತ್ಯಾಸವೆಂದರೆ, ಇಡೀ ರಾಜ್ಯದ ಮತದಾರರು ಅವರನ್ನು ನೇರವಾಗಿ ಆರಿಸುತ್ತಾರೆ. ಆದ್ದರಿಂದ ಆ 129 ಮತಗಳ ಮೇಲೆ ಒಂದು ಸರ್ಕಾರವೇ ನಿಂತಿತ್ತು. ಎರಡು ಸಲ ಗೆದ್ದು ಮೂರನೇ ಸಲ ಸೋತ ಪಕ್ಷ ಸುಮ್ಮನಿರಲಿಲ್ಲ. ಸುಮ್ಮನಿರಬೇಕಾದ ಕಾರಣವೂ ಇರಲಿಲ್ಲ.

ಸೋತ ಪಕ್ಷ ಫಲಿತಾಂಶವನ್ನು ಪ್ರಶ್ನಿಸಿದ ಕೂಡಲೇ ‘ಸೋಲನ್ನು ಒಪ್ಪಿಕೊಳ್ಳಲಾಗದವರ ಗೋಳು’ ಎಂದು ತಳ್ಳಿಹಾಕುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಈ ಮಾತನ್ನು ಎಲ್ಲ ಪಕ್ಷಗಳೂ ತಾವು ಗೆದ್ದಾಗ ಹೇಳುತ್ತವೆ, ಸೋತಾಗ ಮರೆಯುತ್ತವೆ. ಫಲಿತಾಂಶ ತಿರುಗೀತು ಎಂಬ ಆಸೆ ತಪ್ಪೇನೂ ಅಲ್ಲ. ಅದಕ್ಕೆ ಕಾನೂನಿನಲ್ಲೇ ಜಾಗವಿದೆ. ಅಪಾಯ ಇರುವುದು ಆ ಆಸೆಗೆ ಹೌದು ಎಂದೋ ಇಲ್ಲ ಎಂದೋ ಸಕಾಲಕ್ಕೆ ಯಾರೂ ಹೇಳದೆ ಉಳಿದಾಗ. ವಾಷಿಂಗ್ಟನ್ ರಾಜ್ಯ ಮತದಾನ ನಡೆದ ಸುಮಾರು ಏಳು ತಿಂಗಳಲ್ಲಿ ಸೋತ ಪಕ್ಷಕ್ಕೆ ಕೊನೆಯ ಉತ್ತರ ಕೊಟ್ಟಿತು. ನಮ್ಮಲ್ಲಿ ಅವಧಿ ಮುಗಿಯುವ ಹೊತ್ತಿಗೂ ಉತ್ತರ ಬಾರದ ಪ್ರಕರಣಗಳು ಒಂದೆರಡಲ್ಲ.

ಅಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಂತರ ತೀರಾ ಕಡಿಮೆ ಇದ್ದುದರಿಂದ ಕಾನೂನಿನ ಪ್ರಕಾರವೇ ಯಂತ್ರಗಳಿಂದ ಮರು ಎಣಿಕೆ ನಡೆಯಿತು. ರೊಸ್ಸಿ ಮುನ್ನಡೆ 42ಕ್ಕೆ ಇಳಿಯಿತು. ನವೆಂಬರ್ 30ರಂದು ಅವರು ಗೆದ್ದಿದ್ದಾರೆಂದು ಅಧಿಕೃತ ಘೋಷಣೆಯೂ ಆಯಿತು. ಈಗ ಆಸೆ ಇಟ್ಟುಕೊಂಡದ್ದು ಡೆಮಾಕ್ರಟರು. ಪ್ರತಿಯೊಂದು ಮತಪತ್ರವನ್ನೂ ಕೈಯಲ್ಲಿ ಹಿಡಿದು ಎಣಿಸಬೇಕೆಂದು ಅವರು ಕೇಳಿದರು. ಕಾನೂನು ಅದಕ್ಕೆ ಅವಕಾಶ ಕೊಟ್ಟಿತ್ತು, ಆದರೆ ಕೇಳುವವರು ಮೊದಲು ದುಡ್ಡು ಕಟ್ಟಬೇಕಿತ್ತು. ಪಕ್ಷ 7,30,000 ಡಾಲರ್ ಠೇವಣಿ ಇಟ್ಟಿತು. ಫಲಿತಾಂಶ ತಿರುಗಿದರೆ ಹಣ ವಾಪಸ್, ಇಲ್ಲದಿದ್ದರೆ ಖರ್ಚು ಪಕ್ಷದ್ದೇ.

ಕೈ ಎಣಿಕೆ ನಡೆಯುತ್ತಿದ್ದಾಗಲೇ ಕಿಂಗ್ ಕೌಂಟಿಯಲ್ಲಿ ಒಂದು ಸಂಗತಿ ಬಯಲಾಯಿತು. ಲ್ಯಾರಿ ಫಿಲಿಪ್ಸ್ ಎಂಬ ಕೌಂಟಿ ಕೌನ್ಸಿಲ್ ಸದಸ್ಯರು ತಿರಸ್ಕೃತ ಮತಪತ್ರಗಳ ಪಟ್ಟಿಯ ಮೇಲೆ ಕಣ್ಣಾಡಿಸುತ್ತಿದ್ದರು. ಅದರಲ್ಲಿ ಅವರದೇ ಹೆಸರು ಕಾಣಿಸಿತು. ಅವರು ಅಂಚೆಯ ಮೂಲಕ ಕಳಿಸಿದ್ದ ಮತ ಲೆಕ್ಕಕ್ಕೇ ಬಂದಿರಲಿಲ್ಲ. ಲಕೋಟೆಯ ಮೇಲಿನ ಸಹಿಯನ್ನು ಹೋಲಿಸಿ ನೋಡಲು ಕಂಪ್ಯೂಟರಿನಲ್ಲಿ ಅವರ ಸಹಿ ಇರಲಿಲ್ಲವೆಂಬುದೇ ಕಾರಣ. ಸಿಬ್ಬಂದಿ ಹಳೆಯ ನೋಂದಣಿ ಕಾಗದಗಳನ್ನು ತೆಗೆದು ನೋಡಬೇಕಿತ್ತು, ನೋಡಿರಲಿಲ್ಲ. ಹುಡುಕುತ್ತಾ ಹೋದಂತೆ ಇಂಥವೇ 573 ಮತಪತ್ರಗಳು ಸಿಕ್ಕವು. ಆಮೇಲೆ ಆ ಸಂಖ್ಯೆ 700 ದಾಟಿತು. ಒಬ್ಬ ಜನಪ್ರತಿನಿಧಿಯ ಹೆಸರು ಆ ಪಟ್ಟಿಯಲ್ಲಿ ಇರದೇ ಹೋಗಿದ್ದರೆ ಈ ನೂರಾರು ಮತಗಳು ಪೆಟ್ಟಿಗೆಯಲ್ಲೇ ಉಳಿಯುತ್ತಿದ್ದವೇನೋ.

ಇವನ್ನು ಎಣಿಸಬಾರದೆಂದು ರಿಪಬ್ಲಿಕನ್ನರು ಕೆಳ ನ್ಯಾಯಾಲಯದಿಂದ ತಡೆ ತಂದರು. ಡಿಸೆಂಬರ್ 22ರಂದು ರಾಜ್ಯದ ಸುಪ್ರೀಂ ಕೋರ್ಟ್ ಆ ತಡೆಯನ್ನು ಸರ್ವಾನುಮತದಿಂದ ತೆರವುಗೊಳಿಸಿತು. ಸಿಬ್ಬಂದಿಯ ತಪ್ಪಿನಿಂದ ಮತದಾರ ತನ್ನ ಮತ ಕಳೆದುಕೊಳ್ಳಬಾರದು ಎಂಬುದು ಅದರ ನಿಲುವು. ಇದೇ ನ್ಯಾಯಾಲಯ ಎಂಟು ದಿನ ಮೊದಲು ಡೆಮಾಕ್ರಟರ ಅರ್ಜಿಯನ್ನೂ ಸರ್ವಾನುಮತದಿಂದಲೇ ತಳ್ಳಿಹಾಕಿತ್ತು. ರಾಜ್ಯದಾದ್ಯಂತ ತಿರಸ್ಕೃತವಾದ ಎಲ್ಲ ಮತಪತ್ರಗಳನ್ನೂ ಹೊಸದಾಗಿ ಪರಿಶೀಲಿಸಬೇಕೆಂದು ಅವರು ಕೇಳಿದ್ದರು. ಎರಡೂ ಪಕ್ಷಗಳಿಗೆ ಒಂದೊಂದು ಸಲ ಆಗುವುದಿಲ್ಲ ಎಂದದ್ದು ಒಂದೇ ನ್ಯಾಯಪೀಠ, ಅದೂ ಎರಡು ವಾರದೊಳಗೆ. ಕಿಂಗ್ ಕೌಂಟಿಯ ಆ ಮತಪತ್ರಗಳು ಸೇರುವ ಮೊದಲೇ ಗ್ರೆಗೊಯರ್ 10 ಮತಗಳಿಂದ ಮುಂದಿದ್ದರು. ಸೇರಿದ ಮೇಲೆ ಅಂತರ 129ಕ್ಕೆ ಬಂದು ನಿಂತಿತು. ಫಲಿತಾಂಶವನ್ನು ದೃಢೀಕರಿಸಬೇಕಾದ ಅಧಿಕಾರಿ ಸ್ಯಾಮ್ ರೀಡ್ ಸ್ವತಃ ರಿಪಬ್ಲಿಕನ್. ತಮ್ಮ ಪಕ್ಷದವರೇ ಸಿಟ್ಟಾಗಿದ್ದರೂ ಡಿಸೆಂಬರ್ 30ರಂದು ಅವರು ಗ್ರೆಗೊಯರ್ ಗೆಲುವಿಗೆ ಸಹಿ ಹಾಕಿದರು. ಈ ಮನುಷ್ಯನ ಬಗ್ಗೆ ಹೆಚ್ಚು ಜನ ಬರೆದಿಲ್ಲ. ಬರೆಯಬೇಕಿತ್ತು.

ಆಸೆ ಈಗ ಮತ್ತೊಂದು ಪಕ್ಷದ ಪಾಲಾಯಿತು. ಹೊಸದಾಗಿ ಚುನಾವಣೆ ನಡೆಸೋಣ ಎಂದು ರೊಸ್ಸಿ ಗ್ರೆಗೊಯರ್ ಅವರಿಗೆ ಪತ್ರ ಬರೆದರು. ಅವರು ಒಪ್ಪಲಿಲ್ಲ. 2005ರ ಜನವರಿ 7ರಂದು ರಿಪಬ್ಲಿಕನ್ನರು ಶೆಲಾನ್ ಕೌಂಟಿಯ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಐದು ದಿನ ಕಳೆದು ಗ್ರೆಗೊಯರ್ ಪ್ರಮಾಣವಚನ ಸ್ವೀಕರಿಸಿದರು. ದಾವೆ ಹೂಡಿದ ಊರು ವೆನಾಚಿ, ಸೇಬಿನ ತೋಟಗಳ ನಡುವಿನ ಪಟ್ಟಣ. ಸಿಯಾಟಲಿನ ಡೆಮಾಕ್ರಟಿಕ್ ಗಾಳಿ ಅಲ್ಲಿ ಬೀಸುವುದಿಲ್ಲ. ಆ ಕೌಂಟಿ ರಿಪಬ್ಲಿಕನ್ನರಿಗೆ ಒಲಿದದ್ದು. ಜಾಗವನ್ನು ಲೆಕ್ಕ ಹಾಕಿಯೇ ಆರಿಸಲಾಗಿತ್ತು. ನ್ಯಾಯಾಧೀಶರು ಜಾನ್ ಬ್ರಿಜಸ್.

ರಿಪಬ್ಲಿಕನ್ನರ ಕೈಯಲ್ಲಿ ಸಾಕಷ್ಟು ಸರಕಿತ್ತು ಎಂಬುದನ್ನು ಒಪ್ಪಲೇಬೇಕು. ಗಂಭೀರ ಅಪರಾಧಗಳಲ್ಲಿ ಶಿಕ್ಷೆಗೊಳಗಾಗಿ ಮತದಾನದ ಹಕ್ಕು ಕಳೆದುಕೊಂಡವರು, ಅದನ್ನು ಮರಳಿ ಪಡೆಯದೆಯೇ ಮತ ಹಾಕಿದ್ದರು. ಸತ್ತವರ ಹೆಸರಿನಲ್ಲಿ ಮತ ಬಿದ್ದಿತ್ತು. ಕೆಲವರು ಎರಡೆರಡು ಸಲ ಹಾಕಿದ್ದರು. ಅರ್ಹತೆ ಪರಿಶೀಲಿಸಿದ ಮೇಲಷ್ಟೇ ಎಣಿಸಬೇಕಿದ್ದ ತಾತ್ಕಾಲಿಕ ಮತಪತ್ರಗಳನ್ನು ಮತಗಟ್ಟೆಯಲ್ಲೇ ನೇರವಾಗಿ ಯಂತ್ರಕ್ಕೆ ತುರುಕಲಾಗಿತ್ತು. ಕಿಂಗ್ ಕೌಂಟಿಯಲ್ಲಿ ಮತಪತ್ರಗಳ ಲೆಕ್ಕವೂ ಮತ ಹಾಕಿದವರ ಲೆಕ್ಕವೂ ತಾಳೆಯಾಗಲಿಲ್ಲ. ಎರಡು ವಾರದ ವಿಚಾರಣೆಯ ನಂತರ ನ್ಯಾಯಾಧೀಶರೇ 1,678 ಮತಗಳು ಅಕ್ರಮ ಎಂದು ಒಪ್ಪಿದರು. ಅಂತರ 129, ಅಕ್ರಮ 1,678. ಇಷ್ಟು ಸಾಕಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ.

ಸಾಕಾಗಲಿಲ್ಲ. ಅಕ್ರಮ ಮತಗಳು ಗೆದ್ದವರಿಗೇ ಬಿದ್ದಿದ್ದವು, ಅವನ್ನು ಕಳೆದರೆ ಗೆಲುವು ನಿಲ್ಲುವುದಿಲ್ಲ ಎಂಬುದನ್ನು ತೋರಿಸಬೇಕು ಎನ್ನುತ್ತಿತ್ತು ಅಲ್ಲಿನ ಕಾನೂನು. ಮತದಾನ ಗುಪ್ತ, ಯಾವ ಮತ ಯಾರಿಗೆ ಬಿತ್ತೆಂದು ಹೇಳುವುದು ಹೇಗೆ? ರಿಪಬ್ಲಿಕನ್ನರು ಇದಕ್ಕೊಂದು ಲೆಕ್ಕಾಚಾರ ತಂದರು. ಒಂದು ಮತಗಟ್ಟೆಯಲ್ಲಿ ಗ್ರೆಗೊಯರ್‌ಗೆ ಶೇ 60ರಷ್ಟು ಮತ ಬಂದಿದ್ದು, ಅಲ್ಲಿ ಹತ್ತು ಅಕ್ರಮ ಮತಗಳಿದ್ದರೆ, ಆರನ್ನು ಅವರ ಲೆಕ್ಕದಿಂದ ಕಳೆಯಬೇಕು. ಅಕ್ರಮ ಮತಗಳು ಹೆಚ್ಚಾಗಿ ಸಿಕ್ಕಿದ್ದು ಗ್ರೆಗೊಯರ್ ಬಲವಾಗಿದ್ದ ಕಿಂಗ್ ಕೌಂಟಿಯಲ್ಲಿ. ಈ ಸೂತ್ರ ಒಪ್ಪಿದರೆ ರೊಸ್ಸಿ ಗೆಲ್ಲುತ್ತಿದ್ದರು. ಅದನ್ನು ಸಮರ್ಥಿಸಲು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಸಾಕ್ಷಿ ಕಟ್ಟೆ ಹತ್ತಿದರು. ಬ್ರಿಜಸ್ ಒಪ್ಪಲಿಲ್ಲ. ಒಂದು ಬೀದಿಯವರು ಹೆಚ್ಚಾಗಿ ಯಾರಿಗೆ ಮತ ಹಾಕಿದರೆಂಬುದರಿಂದ ಆ ಬೀದಿಯ ಒಬ್ಬ ನಿರ್ದಿಷ್ಟ ವ್ಯಕ್ತಿ ಯಾರಿಗೆ ಹಾಕಿದನೆಂದು ತೀರ್ಮಾನಿಸಲಾಗದು ಎಂಬುದು ಅವರ ತರ್ಕ.

ಡೆಮಾಕ್ರಟರು ಬೇರೆ ದಾರಿ ಹಿಡಿದಿದ್ದರು. ಮತ ಹಾಕಿದ ಮಾಜಿ ಅಪರಾಧಿಗಳನ್ನೇ ಹುಡುಕಿ, ಯಾರಿಗೆ ಹಾಕಿದಿರಿ ಎಂದು ಕೇಳಿ, ಅವರಿಂದ ಪ್ರಮಾಣದ ಮೇಲೆ ಹೇಳಿಕೆ ಪಡೆದಿದ್ದರು. ನಾಲ್ವರು ರೊಸ್ಸಿಗೆ ಎಂದರು. ಒಬ್ಬರು ಮೂರನೇ ಅಭ್ಯರ್ಥಿ ರೂತ್ ಬೆನೆಟ್‌ಗೆ ಎಂದರು. ಇಡೀ ದಾವೆಯಲ್ಲಿ ಇಂಥವರಿಗೇ ಬಿದ್ದದ್ದೆಂದು ಸಾಬೀತಾದ ಅಕ್ರಮ ಮತಗಳು ಈ ಐದೇ. ನ್ಯಾಯಾಧೀಶರು ಅವನ್ನು ಕಳೆದರು. ರೊಸ್ಸಿ ಅವರ ನಾಲ್ಕು ಮತ ಹೋಗಿ ಅಂತರ 129ರಿಂದ 133ಕ್ಕೆ ಏರಿತು! ಜೂನ್ 6ರಂದು ಬ್ರಿಜಸ್ ದಾವೆಯನ್ನು ವಜಾ ಮಾಡಿದರು. ಯಾರೋ ಬೇಕೆಂದೇ ಪೆಟ್ಟಿಗೆಗೆ ಮತ ತುಂಬಿಸಿದರೆಂಬುದಕ್ಕೆ ಸಾಕ್ಷ್ಯವಿಲ್ಲ ಎಂದರು. ಹಾಗೆಂದು ಚುನಾವಣಾ ಸಿಬ್ಬಂದಿಯ ಬೆನ್ನು ತಟ್ಟಲಿಲ್ಲ. ಲೋಪಗಳನ್ನು ಒಂದೊಂದಾಗಿ ದಾಖಲಿಸಿ, ಇವನ್ನು ಸರಿಪಡಿಸಿ ಎಂದು ಶಾಸಕಾಂಗವನ್ನೂ ಆಡಳಿತವನ್ನೂ ಕೇಳುವ ಹಕ್ಕು ಮತದಾರರಿಗಿದೆ ಎಂದರು.

ರೊಸ್ಸಿ ಅಂದೇ, ತಾನು ಮೇಲ್ಮನವಿ ಸಲ್ಲಿಸುವುದಿಲ್ಲ ಎಂದು ಪ್ರಕಟಿಸಿದರು. ರಾಜ್ಯದ ಸುಪ್ರೀಂ ಕೋರ್ಟಿನ ರಾಜಕೀಯ ಒಲವಿನ ಬಗ್ಗೆ ಅಸಮಾಧಾನದ ಮಾತನ್ನೂ ಆಡಿದರು. ಅದೇನೇ ಇರಲಿ, ಆಸೆ ಅಲ್ಲಿಗೆ ಮುಗಿಯಿತು. 2008ರಲ್ಲಿ ಇದೇ ಇಬ್ಬರು ಮತ್ತೆ ಎದುರಾದಾಗ ಗ್ರೆಗೊಯರ್ ಸುಮಾರು 1.9 ಲಕ್ಷ ಮತಗಳಿಂದ ಗೆದ್ದರು. ಅಷ್ಟು ಹೊತ್ತಿಗೆ ಕೌಂಟಿಗಳು ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದ ಮತದಾರರ ಪಟ್ಟಿಗಳ ಬದಲು ಇಡೀ ರಾಜ್ಯಕ್ಕೆ ಒಂದೇ ಪಟ್ಟಿ ಬಂದಿತ್ತು. ಮುಂದೆ ಕಿಂಗ್ ಕೌಂಟಿಯ ಚುನಾವಣಾ ನಿರ್ದೇಶಕರನ್ನು ಜನರೇ ಆರಿಸುವ ವ್ಯವಸ್ಥೆಯೂ ಬಂತು. ರೊಸ್ಸಿಯವರ ಪಕ್ಷ ದಾವೆ ಸೋತಿತ್ತು ನಿಜ, ಆದರೆ ಅದು ಬಯಲಿಗೆಳೆದ ಲೋಪಗಳು ಗಾಳಿಗೆ ಹೋಗಲಿಲ್ಲ.

ಇನ್ನು ನಮ್ಮ ಕಡೆ ಬರೋಣ.

ಭಾರತದಲ್ಲಿ ಒಂದು ರಾಜ್ಯದ ಚುನಾವಣೆಯನ್ನು ಇಡಿಯಾಗಿ ಪ್ರಶ್ನಿಸುವ ದಾರಿಯೇ ಇಲ್ಲ. ಚುನಾವಣಾ ತಕರಾರು ಅರ್ಜಿಯ ಹೊರತು ಬೇರಾವ ಬಗೆಯಲ್ಲೂ ಚುನಾವಣೆಯನ್ನು ಪ್ರಶ್ನಿಸಲಾಗದು ಎನ್ನುತ್ತದೆ ಸಂವಿಧಾನದ 329ನೇ ವಿಧಿ. ಆ ಅರ್ಜಿಯನ್ನು ಪಕ್ಷ ಹಾಕುವಂತಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಆ ಕ್ಷೇತ್ರದ ಅಭ್ಯರ್ಥಿ ಅಥವಾ ಮತದಾರ ಹಾಕಬೇಕು, ಅದೂ ಫಲಿತಾಂಶ ಬಂದ 45 ದಿನದೊಳಗೆ, ಹೈಕೋರ್ಟಿನಲ್ಲಿ. 224 ಕ್ಷೇತ್ರಗಳ ಕರ್ನಾಟಕದಲ್ಲಿ ಹತ್ತು ಕ್ಷೇತ್ರಗಳ ಅಂತರದಿಂದ ಸರ್ಕಾರ ತಪ್ಪಿಹೋಯಿತೆಂದು ಒಂದು ಪಕ್ಷ ಭಾವಿಸಿದರೆ ಹತ್ತು ಅರ್ಜಿ, ಹತ್ತು ಸಾಕ್ಷಿಪಟ್ಟಿ, ಹತ್ತು ವಿಚಾರಣೆ ಆಗಬೇಕು. 2024ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯಲ್ಲಿ ಸಂಜೆ ಆರರ ನಂತರ ಬಿದ್ದ ಮತಗಳ ಲೆಕ್ಕ ಸರಿಯಿಲ್ಲ, ಇಡೀ ಫಲಿತಾಂಶವನ್ನೇ ಅನೂರ್ಜಿತಗೊಳಿಸಿ ಎಂದು ಮತದಾರರೊಬ್ಬರು ಬಾಂಬೆ ಹೈಕೋರ್ಟಿಗೆ ಹೋದರು. 2025ರ ಜೂನ್‌ನಲ್ಲಿ ಆ ಅರ್ಜಿ ವಜಾ ಆಯಿತು. ಕಾನೂನಿನ ದೃಷ್ಟಿಯಿಂದ ಬೇರೇನೂ ಆಗುವಂತಿರಲಿಲ್ಲ.

ಕ್ಷೇತ್ರವಾರು ಅರ್ಜಿಯ ಈ ಏರ್ಪಾಡು ತಪ್ಪೆಂದು ಹೇಳಲಾಗದು. ಇಡೀ ರಾಜ್ಯದ ಜನಾದೇಶ ಒಂದೇ ದಾವೆಯಲ್ಲಿ ತೂಗಾಡುವುದು ಯಾರಿಗೂ ಒಳ್ಳೆಯದಲ್ಲ. ಸಾಬೀತಿನ ಮಟ್ಟದಲ್ಲೂ ನಮ್ಮ ನ್ಯಾಯಾಲಯಗಳು ವೆನಾಚಿಯ ನ್ಯಾಯಾಧೀಶರಿಗಿಂತ ಹಿಂದಿಲ್ಲ. ದಶಕಗಳ ಹಿಂದೆಯೇ ಅದೇ ಮಾತು ಹೇಳಿವೆ. 1954ರ ವಶಿಷ್ಠ ನಾರಾಯಣ ಶರ್ಮಾ ಪ್ರಕರಣದಲ್ಲಿ, ಅಕ್ರಮದಿಂದ ಫಲಿತಾಂಶವೇ ಬದಲಾಯಿತೆಂದು ಊಹೆಯ ಮೇಲೆ ಹೇಳಲಾಗದು, ಅರ್ಜಿದಾರ ಅದನ್ನು ಸಾಬೀತುಪಡಿಸಬೇಕು ಎಂದಿತು ಸುಪ್ರೀಂ ಕೋರ್ಟ್. 1968ರಲ್ಲಿ ಮಣಿಪುರದ ಪಾವೊಕಾಯ್ ಹಾವೊಕಿಪ್ ಪ್ರಕರಣದಲ್ಲಿ ಸರಾಸರಿಯ ಲೆಕ್ಕ ಹಿಡಿದು ಮತಗಳನ್ನು ಅಂದಾಜು ಮಾಡುವ ವಾದವನ್ನೂ ಅದು ಒಪ್ಪಲಿಲ್ಲ. ನಾವು ಹಿಂದೆ ಬಿದ್ದಿರುವುದು ಸಮಯದ ವಿಷಯದಲ್ಲಿ.

ತುಮಕೂರು ಗ್ರಾಮಾಂತರದ ಉದಾಹರಣೆ ನೋಡಿ. 2018ರಲ್ಲಿ ಅಲ್ಲಿ ಜೆಡಿಎಸ್‌ನ ಡಿ.ಸಿ. ಗೌರಿಶಂಕರ್ ಗೆದ್ದರು. ಮತದಾರರಿಗೆ ನಕಲಿ ವಿಮಾ ಬಾಂಡ್ ಹಂಚಿ ಗೆದ್ದಿದ್ದಾರೆಂದು ಸೋತ ಬಿಜೆಪಿ ಅಭ್ಯರ್ಥಿ ಬಿ. ಸುರೇಶ್ ಗೌಡ ಹೈಕೋರ್ಟಿಗೆ ಹೋದರು. 2023ರ ಮಾರ್ಚ್ 29ರಂದು ಚುನಾವಣಾ ಆಯೋಗ ಕರ್ನಾಟಕದ ಮುಂದಿನ ವಿಧಾನಸಭಾ ಚುನಾವಣೆಯ ವೇಳಾಪಟ್ಟಿ ಪ್ರಕಟಿಸಿತು. ಮಾರ್ಚ್ 30ರಂದು ಹೈಕೋರ್ಟ್ 2018ರ ಆಯ್ಕೆಯನ್ನು ಅಸಿಂಧುಗೊಳಿಸಿತು. ಮೇಲ್ಮನವಿಗೆಂದು ಆ ಆದೇಶವನ್ನೂ ಒಂದು ತಿಂಗಳು ತಡೆಹಿಡಿಯಲಾಯಿತು. ಭ್ರಷ್ಟ ಮಾರ್ಗದಿಂದ ಗೆದ್ದರೆಂದು ನ್ಯಾಯಾಲಯ ಹೇಳಿದ ವ್ಯಕ್ತಿ ಆ ಹೊತ್ತಿಗೆ ಹೆಚ್ಚುಕಡಿಮೆ ಪೂರ್ತಿ ಅವಧಿ ಶಾಸಕರಾಗಿದ್ದರು. ಮೇ ತಿಂಗಳಲ್ಲಿ ಸುರೇಶ್ ಗೌಡರನ್ನು ಗೆಲ್ಲಿಸಿದ್ದು ಮತದಾರರೇ. ಕೋರ್ಟು ಕಚೇರಿಯ ವಿಷಯದಲ್ಲಿ ಹಳ್ಳಿಗಳಲ್ಲಿ ‘ಗೆದ್ದವನು ಸೋತ, ಸೋತವನು ಸತ್ತ’ ಎನ್ನುತ್ತಾರೆ. ಐದು ವರ್ಷ ಸಾಕ್ಷಿಗಳನ್ನು ಕರೆತಂದು, ವಕೀಲರ ಶುಲ್ಕ ಕಟ್ಟಿ, ಕೊನೆಗೆ ಅವಧಿ ಮುಗಿಯುವಾಗ ಗೆದ್ದ ಅರ್ಜಿದಾರನಿಗೆ ಆ ಮಾತು ಹೇಗೆ ಕೇಳಿಸೀತು?

ತಮಿಳುನಾಡಿನ ರಾಧಾಪುರಂ ಇನ್ನೊಂದು. 2016ರಲ್ಲಿ ಡಿಎಂಕೆಯ ಎಂ. ಅಪ್ಪಾವು ಕೇವಲ 49 ಮತಗಳಿಂದ ಸೋತರು. ಅಂಚೆ ಮತಗಳನ್ನು ತಪ್ಪಾಗಿ ತಿರಸ್ಕರಿಸಲಾಗಿದೆ ಎಂಬುದು ಅವರ ದೂರು. ಮದ್ರಾಸ್ ಹೈಕೋರ್ಟ್ ಮರು ಎಣಿಕೆಗೆ ಆದೇಶಿಸಿದ್ದು 2019ರ ಅಕ್ಟೋಬರ್‌ನಲ್ಲಿ. ಎಣಿಕೆ ನಡೆಯಿತು, ಆದರೆ ಫಲಿತಾಂಶ ಪ್ರಕಟಿಸದಂತೆ ಸುಪ್ರೀಂ ಕೋರ್ಟ್ ತಡೆಯಿತು. 2021ರಲ್ಲಿ ಆ ವಿಧಾನಸಭೆಯ ಅವಧಿಯೇ ಮುಗಿಯಿತು. ರಾಧಾಪುರದ ಜನ ಯಾರನ್ನು ಆರಿಸಿದ್ದರೆಂಬುದು ಎಣಿಸಿ ಮುಗಿದಿದ್ದರೂ ಜನರಿಗೆ ಮಾತ್ರ ಗೊತ್ತಾಗಲಿಲ್ಲ. ಪಶ್ಚಿಮ ಬಂಗಾಳದ ನಂದಿಗ್ರಾಮದಲ್ಲಿ 2021ರಲ್ಲಿ 1,956 ಮತಗಳಿಂದ ಸೋತ ಮಮತಾ ಬ್ಯಾನರ್ಜಿ ತಕರಾರು ಅರ್ಜಿ ಹಾಕಿದರು. ನ್ಯಾಯಮೂರ್ತಿಯೊಬ್ಬರು ವಿಚಾರಣೆಯಿಂದ ಹಿಂದೆ ಸರಿದರು, ಸರಿಯುವಾಗ ಅರ್ಜಿದಾರರಿಗೆ ಐದು ಲಕ್ಷ ರೂಪಾಯಿ ದಂಡವನ್ನೂ ಹಾಕಿದರು. ಆ ವಿಧಾನಸಭೆಯ ಅವಧಿಯ ಬಹುಪಾಲು ಕಳೆದರೂ ತೀರ್ಪು ಬರಲಿಲ್ಲ. ರಾಜ್ಯದ ಮುಖ್ಯಮಂತ್ರಿಯ ಅರ್ಜಿಗೇ ಈ ಗತಿಯಾದರೆ ಸಾಮಾನ್ಯ ಅಭ್ಯರ್ಥಿಯ ಪಾಡನ್ನು ಬೇರೆ ವಿವರಿಸಬೇಕಿಲ್ಲ. ಇದು ಈಚಿನ ರೋಗವೂ ಅಲ್ಲ. ರಾಯ್‌ಬರೇಲಿಯಲ್ಲಿ 1971ರಲ್ಲಿ ಗೆದ್ದ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಲಹಾಬಾದ್ ಹೈಕೋರ್ಟ್ ರದ್ದು ಮಾಡಿದ್ದು 1975ರ ಜೂನ್ 12ರಂದು, ನಾಲ್ಕು ವರ್ಷ ಕಳೆದ ಮೇಲೆ. ಆಮೇಲೆ ನಡೆದದ್ದನ್ನು ದೇಶ ಮರೆತಿಲ್ಲ.

ಕೋಲಾರ ಜಿಲ್ಲೆಯ ಮಾಲೂರು ಈ ಸಾಲಿಗೆ ಸೇರಬಾರದು. 2023ರ ಮೇ 13ರಂದು ಅಲ್ಲಿ ಕಾಂಗ್ರೆಸ್ಸಿನ ಕೆ.ವೈ. ನಂಜೇಗೌಡರು 248 ಮತಗಳಿಂದ ಗೆದ್ದರು. ಎಣಿಕೆಯಲ್ಲಿ ಲೋಪವಾಗಿದೆ ಎಂದು ಬಿಜೆಪಿಯ ಕೆ.ಎಸ್. ಮಂಜುನಾಥ ಗೌಡರು ಅರ್ಜಿ ಹಾಕಿದರು. 2025ರ ಸೆಪ್ಟೆಂಬರ್ 16ರಂದು, ಅಂದರೆ 28 ತಿಂಗಳ ನಂತರ, ಹೈಕೋರ್ಟ್ ಆಯ್ಕೆಯನ್ನು ಅಸಿಂಧುಗೊಳಿಸಿ ಮರು ಎಣಿಕೆಗೆ ಆದೇಶಿಸಿತು. ಎಣಿಕೆಯ ವಿಡಿಯೊ ಚಿತ್ರೀಕರಣವನ್ನು ಅಧಿಕಾರಿಗಳು ನ್ಯಾಯಾಲಯದ ಮುಂದೆ ಇಡಲೇ ಇಲ್ಲ. ಅನುಮಾನ ನಿವಾರಿಸಬಲ್ಲ ಮುಖ್ಯ ಸಾಕ್ಷ್ಯವೇ ಇಲ್ಲವೆಂದಾದರೆ ಸೋತವರು ನಂಬುವುದು ಯಾವುದನ್ನು? ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಸಿಂಧು ಆದೇಶಕ್ಕೆ ತಡೆ ನೀಡಿ, ಮರು ಎಣಿಕೆ ಆಗಲಿ, ಫಲಿತಾಂಶವನ್ನು ಮುಚ್ಚಿದ ಲಕೋಟೆಯಲ್ಲಿ ತನಗೆ ಸಲ್ಲಿಸಲಿ ಎಂದಿತು. ರಾಧಾಪುರದಲ್ಲೂ ಎಣಿಕೆ ಮುಗಿದಿತ್ತು, ಫಲಿತಾಂಶ ಜನರಿಗೆ ಸಿಗಲಿಲ್ಲ. ಆದ್ದರಿಂದಲೇ ಆತಂಕ.

ಕೂದಲೆಳೆ ಅಂತರದ ಫಲಿತಾಂಶಗಳು ಕರ್ನಾಟಕಕ್ಕೆ ಹೊಸತಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ: 40,752ಕ್ಕೆ 40,751. 2023ರಲ್ಲಿ ಜಯನಗರದ ಫಲಿತಾಂಶ ತಡರಾತ್ರಿಯವರೆಗೆ ಎಳೆದು, ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ದರು. ಇಂಥ ಕಡೆ ಮತ್ತೊಮ್ಮೆ ಎಣಿಸಿ ಎನ್ನುವವರನ್ನು ಹಟಮಾರಿಗಳೆಂದು ಕರೆಯುವುದು ಅನ್ಯಾಯ.

ಪಕ್ಷಗಳಿಗೂ ಹೇಳಬೇಕಾದ ಮಾತಿದೆ. ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದಲ್ಲಿ 2024ರಲ್ಲಿ ಕಾಂಗ್ರೆಸ್ ಅಭ್ಯರ್ಥಿ 32,707 ಮತಗಳಿಂದ ಸೋತರು. ಅದರಲ್ಲಿ ಸೇರುವ ಮಹದೇವಪುರ ವಿಧಾನಸಭಾ ಕ್ಷೇತ್ರವೊಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಮತಗಳ ಕಳ್ಳತನವಾಗಿದೆ ಎಂದು ರಾಹುಲ್ ಗಾಂಧಿ ಆರೋಪಿಸಿದ್ದು 2025ರ ಆಗಸ್ಟ್ 7ರಂದು. ಆ ಹೊತ್ತಿಗೆ 45 ದಿನದ ಗಡುವು ಮುಗಿದು ವರ್ಷವೇ ದಾಟಿತ್ತು. ಆರೋಪ ಎಷ್ಟೇ ಗಂಭೀರವಾಗಿದ್ದರೂ ಫಲಿತಾಂಶವನ್ನು ತಿರುಗಿಸುವ ಶಕ್ತಿ ಅದಕ್ಕೆ ಉಳಿದಿರಲಿಲ್ಲ. ಆಯೋಗ ಪ್ರಮಾಣ ಪತ್ರ ಕೊಡಿ ಎಂದಿತು, ಪಕ್ಷ ವೇದಿಕೆಗಳಲ್ಲೇ ಮಾತು ಮುಂದುವರಿಸಿತು. ಕಾಗದದ ಮತದಾರರ ಪಟ್ಟಿಗಳನ್ನು ಹರಡಿಕೊಂಡು ತಿಂಗಳುಗಟ್ಟಲೆ ಹುಡುಕಬೇಕಾಯಿತು ಎಂಬ ಅವರ ವಿವರಣೆಯಲ್ಲಿ ಸತ್ಯವಿದೆ. ಕಂಪ್ಯೂಟರಿನಲ್ಲಿ ಹುಡುಕಬಹುದಾದ ರೂಪದಲ್ಲಿ ಪಟ್ಟಿ ಕೊಡಿಸಿ ಎಂಬ ಕಮಲ್ ನಾಥ್ ಅವರ ಕೋರಿಕೆಯನ್ನು 2018ರಲ್ಲೇ ಸುಪ್ರೀಂ ಕೋರ್ಟ್ ನಿರಾಕರಿಸಿತ್ತು. ಅಷ್ಟು ಗೊತ್ತಿದ್ದ ಪಕ್ಷ ಮತದಾನಕ್ಕೆ ಮೊದಲೇ, ಕರಡು ಪಟ್ಟಿ ಬಂದಾಗಲೇ ಬೂತ್ ಏಜೆಂಟರನ್ನು ಮನೆಮನೆಗೆ ಕಳಿಸಬೇಕಿತ್ತು. ಕರ್ನಾಟಕದಲ್ಲಿ ಆಳುತ್ತಿರುವುದೂ ಆ ಪಕ್ಷವೇ.

ಹೊತ್ತಿಗೆ ಸರಿಯಾಗಿ ಎಚ್ಚೆತ್ತರೆ ಏನಾಗುತ್ತದೆಂಬುದಕ್ಕೆ ಕಲಬುರಗಿ ಜಿಲ್ಲೆಯ ಆಳಂದ ಇದೆ. 2023ರ ಚುನಾವಣೆಗೆ ಮುನ್ನ ಅಲ್ಲಿ 6,018 ಮತದಾರರ ಹೆಸರು ತೆಗೆಯುವಂತೆ ಆನ್‌ಲೈನ್‌ನಲ್ಲಿ ಅರ್ಜಿಗಳು ಬಂದಿದ್ದವು. ಮತಗಟ್ಟೆ ಮಟ್ಟದ ಅಧಿಕಾರಿಯೊಬ್ಬರಿಗೆ ತಮ್ಮದೇ ಸಂಬಂಧಿಕರೊಬ್ಬರ ಹೆಸರು ತೆಗೆಯುವ ಅರ್ಜಿ ಕಣ್ಣಿಗೆ ಬಿತ್ತು. ಅರ್ಜಿ ಹಾಕಿದವರೆಂದು ನಮೂದಾಗಿದ್ದ ನೆರೆಯವರನ್ನು ಕೇಳಿದರೆ, ನನಗೇನೂ ಗೊತ್ತಿಲ್ಲ ಎಂದರು. ಪರಿಶೀಲಿಸಿದಾಗ ಆರು ಸಾವಿರ ಅರ್ಜಿಗಳಲ್ಲಿ ಸಾಚಾ ಎನಿಸಿದ್ದು 24 ಮಾತ್ರ. ಹೆಸರುಗಳು ಉಳಿದವು, ಪೊಲೀಸ್ ಪ್ರಕರಣ ದಾಖಲಾಯಿತು. ಯಾರದೋ ಬೆರಳು ಬೇರೊಬ್ಬರ ಹೆಸರಿನಲ್ಲಿ ಇಷ್ಟೊಂದು ಅರ್ಜಿ ಒತ್ತಿದ್ದು ಹೇಗೆ ಎಂಬುದನ್ನು ಪತ್ತೆ ಹಚ್ಚಲು ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿದ್ದು ಮಾತ್ರ 2025ರ ಸೆಪ್ಟೆಂಬರ್‌ನಲ್ಲಿ.

ಚುನಾವಣಾ ಆಯೋಗ ಈ ಅನುಮಾನಗಳನ್ನು ತಗ್ಗಿಸುವ ಬದಲು ಬೆಳೆಸುವ ದಾರಿ ಹಿಡಿದಿದೆ. 2024ರ ಡಿಸೆಂಬರ್‌ನಲ್ಲಿ ನಿಯಮ ತಿದ್ದುಪಡಿಯಾಗಿ, ಮತಗಟ್ಟೆಯ ಸಿಸಿಟಿವಿ ದೃಶ್ಯಗಳಂಥ ಎಲೆಕ್ಟ್ರಾನಿಕ್ ದಾಖಲೆಗಳನ್ನು ಸಾರ್ವಜನಿಕರು ನೋಡುವ ಅವಕಾಶ ಕಿತ್ತುಹೋಯಿತು. ತಕರಾರು ಅರ್ಜಿ ಇಲ್ಲದಿದ್ದರೆ 45 ದಿನದ ನಂತರ ದೃಶ್ಯಗಳನ್ನು ಅಳಿಸಬಹುದೆಂದು 2025ರಲ್ಲಿ ಸೂಚನೆ ಹೋಯಿತು. ಅರ್ಜಿ ಹಾಕಲು ಸಾಕ್ಷ್ಯ ಬೇಕು. ಆ ಸಾಕ್ಷ್ಯವನ್ನು ಅರ್ಜಿ ಹಾಕುವ ಮೊದಲು ನೋಡುವಂತಿಲ್ಲ. ಈ ಬಿಗಿಯಲ್ಲಿ ಸಿಕ್ಕಿದ ಪ್ರಾಮಾಣಿಕ ಅಭ್ಯರ್ಥಿ ಏನು ಮಾಡಬೇಕು? ಸೋತ ಅಭ್ಯರ್ಥಿ ಲಿಖಿತವಾಗಿ ಕೇಳಿದರೆ ಆ ಕ್ಷೇತ್ರದ ದೃಶ್ಯಗಳನ್ನೂ ಹುಡುಕಬಹುದಾದ ಮತದಾರರ ಪಟ್ಟಿಯನ್ನೂ ವಾರದೊಳಗೆ ಕೊಡಬೇಕು. ಕೊಟ್ಟರೆ ಸುಳ್ಳು ಆರೋಪ ಮಾಡುವವರ ಬಾಯಿಯೂ ಮುಚ್ಚುತ್ತದೆ.

ನ್ಯಾಯಾಲಯಗಳ ಮಟ್ಟಿಗೆ ಹೊಸ ಕಾನೂನೇ ಬೇಕೆಂದಿಲ್ಲ. ಚುನಾವಣಾ ಅರ್ಜಿಗಳನ್ನು ಸಾಧ್ಯವಾದಷ್ಟೂ ದಿನಂಪ್ರತಿ ವಿಚಾರಣೆ ಮಾಡಿ, ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು 1951ರ ಕಾಯ್ದೆಯ 86ನೇ ಕಲಂ ಹೇಳುತ್ತಲೇ ಇದೆ. ಮೀರಿದರೆ ಯಾರೂ ಉತ್ತರಿಸಬೇಕಿಲ್ಲದ ಕಾರಣ ಅದು ಕಾಗದದಲ್ಲೇ ಉಳಿದಿದೆ. ಹೈಕೋರ್ಟ್ ನ್ಯಾಯಮೂರ್ತಿಗಳು ಜಾಮೀನು ಅರ್ಜಿ, ರಿಟ್ ಅರ್ಜಿ, ಮೇಲ್ಮನವಿಗಳ ರಾಶಿಯ ನಡುವೆ ತಿಂಗಳಿಗೊಮ್ಮೆ ಚುನಾವಣಾ ಸಾಕ್ಷಿಯನ್ನು ಕೇಳುವ ಪದ್ಧತಿ ನಿಲ್ಲಬೇಕು. ಫಲಿತಾಂಶ ಬಂದ ವರ್ಷ ಇಬ್ಬರು ಮೂವರು ನ್ಯಾಯಮೂರ್ತಿಗಳಿಗೆ ಆರು ತಿಂಗಳು ಬೇರೆ ಕೆಲಸ ಕೊಡದೆ ಈ ಅರ್ಜಿಗಳನ್ನೇ ಒಪ್ಪಿಸಬೇಕು. ಅವಧಿ ಮೀರಿದರೆ ಕಾರಣವನ್ನು ಆದೇಶದಲ್ಲೇ ಬರೆಯಬೇಕು. ಮೇಲ್ಮನವಿಯಲ್ಲಿ ತಡೆ ಕೊಟ್ಟ ಸುಪ್ರೀಂ ಕೋರ್ಟ್ ಕೂಡ ಕಾಯ್ದೆ ಹೇಳುವಂತೆ ಮೂರು ತಿಂಗಳಲ್ಲಿ ಅದನ್ನು ಮುಗಿಸಬೇಕು. ವೆನಾಚಿಯಲ್ಲಿ ವಿಚಾರಣೆಗೆ ಹಿಡಿದದ್ದು ಎರಡೇ ವಾರ, ಮೇ 23ರಿಂದ ಜೂನ್ ಮೊದಲ ವಾರದವರೆಗೆ. ಅಲ್ಲಿ ಇಡೀ ರಾಜ್ಯದ 28 ಲಕ್ಷ ಮತಗಳ ಲೆಕ್ಕವಿತ್ತು. ನಮ್ಮ ಒಂದು ಕ್ಷೇತ್ರದಲ್ಲಿರುವುದು ಎರಡು ಲಕ್ಷದ ಆಸುಪಾಸು.

ಕರ್ನಾಟಕದ ಈಗಿನ ವಿಧಾನಸಭೆಯ ಅವಧಿ 2028ರ ಮೇ ತಿಂಗಳಲ್ಲಿ ಮುಗಿಯುತ್ತದೆ. 2023ರ ಚುನಾವಣೆಯ ಯಾವ ತಕರಾರು ಅರ್ಜಿಯೂ, ಅರ್ಜಿದಾರರು ಯಾವ ಪಕ್ಷದವರೇ ಆಗಿರಲಿ, ಆ ದಿನದವರೆಗೆ ತೀರ್ಪಿಲ್ಲದೆ ಎಳೆಯಬಾರದು. ಮುಂದಿನ ಚುನಾವಣೆಯ ಅರ್ಜಿಗಳನ್ನು ಕೇಳುವ ನ್ಯಾಯಮೂರ್ತಿಗಳು ಯಾರೆಂದು ಹೈಕೋರ್ಟ್ ಮತದಾನಕ್ಕೆ ಮೊದಲೇ ನಿಗದಿ ಮಾಡಬಹುದು. ಅದಕ್ಕೆ ದೆಹಲಿಯ ಅಪ್ಪಣೆಗೆ ಕಾಯಬೇಕಿಲ್ಲ.